ಇಪ್ಪತ್ತು ವರ್ಷದ ಬೈಕು, ಆರು ಸಾವಿರದ ಬಜೆಟ್ಟು

ಮನೆ ಮುಂದೆ ಹಳೇ ಬೈಕು ನಿಲ್ಲಿಸಿಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಇದಕ್ಕೆ ಇನ್ನೂ ದುಡ್ಡು ಹಾಕೋದಾ, ಇಲ್ಲಾ ಗುಜರಿಗೆ ಹಾಕೋದಾ? ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಒಂದು ಸುತ್ತು ಬಂದರೆ ಕೆಎ-05 ನಂಬರಿನ ಹಳೇ ಸ್ಪ್ಲೆಂಡರ್, ವಿಕ್ಟರ್, ಎಕ್ಸೆಲ್‌ಗಳು ಎಷ್ಟು ಬೇಕಾದರೂ ಕಾಣುತ್ತವೆ. ಹಾಲಿನ ಕ್ರೇಟು, ಹೂವಿನ ಬುಟ್ಟಿ, ಗ್ಯಾಸ್ ಸ್ಟೋವ್ ರಿಪೇರಿಯವರ ಟೂಲ್ ಬ್ಯಾಗು, ಎಲ್ಲಾ ಅವುಗಳ ಮೇಲೇ. ಶೋಕಿಗೆ ಇಟ್ಟುಕೊಂಡ ಗಾಡಿಗಳಲ್ಲ ಇವು. ಒಂದು ದಿನ ನಿಂತರೆ ಆ ದಿನದ ದುಡಿಮೆ ನಿಂತಿತು ಅಂತ ಅರ್ಥ.

ಈ ವರ್ಷ ಆ ಪ್ರಶ್ನೆ ನಮ್ಮ ಮನೆಗೂ ಬಂತು. ನಮ್ಮದು 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಮಾವನವರು ಕೊಂಡಿದ್ದು, ಈಗ ನಮ್ಮ ಯಜಮಾನರು ಓಡಿಸುತ್ತಾರೆ. ಬನಶಂಕರಿ ಮೂರನೇ ಹಂತದಿಂದ ಜೆ.ಪಿ. ನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ದಿನಾ ಹೋಗಿ ಬರಬೇಕು. ಅರ್ಜೆಂಟ್ ಕೆಲಸ ಇದ್ದ ದಿನ ಅಲ್ಲಿಂದ ಹೊರಡುವುದೇ ರಾತ್ರಿ ಹತ್ತೂವರೆ, ಹನ್ನೊಂದು. ಆ ಹೊತ್ತಿನಲ್ಲಿ ಬಸ್ಸು ಬದಲಾಯಿಸಿ ಬರುವುದು ಆಗದ ಮಾತು. ಆಟೋದವರು ಕೇಳಿದಷ್ಟು ಕೊಟ್ಟರೆ ಆ ದಿನದ ಓಟಿ ದುಡ್ಡು ಅಲ್ಲಿಗೇ ಸರಿಹೋಯ್ತು. ಬೆಳಿಗ್ಗೆ ಮಗಳನ್ನು ಬನಶಂಕರಿ ಮೆಟ್ರೋ ನಿಲ್ದಾಣಕ್ಕೆ ಬಿಡುವುದೂ ಅದೇ ಗಾಡಿ.

ಬೈಕಿನ ನೋಂದಣಿ ಮೊದಲಿಗೆ 15 ವರ್ಷಕ್ಕೆ ಇರುತ್ತೆ. ಆಮೇಲೆ ಐದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಜನ ಇದನ್ನೇ ‘ಎಫ್‌ಸಿ ಮಾಡಿಸೋದು’ ಅಂತಾರೆ. ನಾವು 2021ರಲ್ಲಿ ಮಾಡಿಸಿದಾಗ ಕೇಂದ್ರದ ನವೀಕರಣ ಶುಲ್ಕ 300 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 1,000 ಆಯ್ತು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಬೈಕಿಗೆ 2,000. ಜೊತೆಗೆ ರಾಜ್ಯದ ಹಸಿರು ತೆರಿಗೆ, ಕಾರ್ಡಿನ ಖರ್ಚು. ತಡ ಮಾಡಿದರೆ ತಿಂಗಳಿಗೆ 300ರಂತೆ ಹೆಚ್ಚುವರಿ ಶುಲ್ಕ ಅಂತ ನಿಯಮದಲ್ಲೇ ಇದೆ. ಹಳೇ ಗಾಡಿ ರಸ್ತೆಯಲ್ಲಿ ಇರಬಾರದು ಅನ್ನುವುದು ಸರ್ಕಾರದ ಇಂಗಿತ, ಅದು ಸ್ಪಷ್ಟವಾಗೇ ಇದೆ. ಹೊಗೆಯ ಲೆಕ್ಕದಲ್ಲಿ ನೋಡಿದರೆ ಅದನ್ನು ತಪ್ಪು ಅನ್ನುವುದಕ್ಕೂ ಆಗುವುದಿಲ್ಲ.

ಆದರೆ ಹೊಸದು ತಗೋಬೇಕು ಅಂದರೆ? ಬೆಂಗಳೂರಿನಲ್ಲಿ ಅದೇ ನಮೂನೆಯ ಹೊಸ ಬೈಕು ಆನ್‌ರೋಡ್ ಲಕ್ಷದ ಆಸುಪಾಸು. ಡೌನ್ ಪೇಮೆಂಟ್ ಕಟ್ಟಿದ ಮೇಲೂ ತಿಂಗಳಿಗೆ ಎರಡೂವರೆ, ಮೂರು ಸಾವಿರದ ಕಂತು. ಮಗಳು ಪಿಯುಸಿ ಮುಗಿಸಿ ಡಿಗ್ರಿ ಸೇರುವ ವರ್ಷ ಇದು. ಮನೆಯ ಲೆಕ್ಕದ ಪುಸ್ತಕ ಬರೆಯುವವಳು ನಾನು. ಸರ್ಕಾರಕ್ಕೆ ಕಟ್ಟುವ ಶುಲ್ಕ ಬೇರೆ ಎತ್ತಿಟ್ಟು, ರಿಪೇರಿಗೆ ಅಂತ ಆರು ಸಾವಿರ ಬರೆದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕಾಲೇಜಿನ ಫೀಸಿನಿಂದಲೇ ಬರಬೇಕಿತ್ತು.

ಹೊಗೆ ಯಾವಾಗ ಬರುತ್ತೆ?

ಗಾಡಿಗೆ ಇದ್ದ ದೊಡ್ಡ ಕಾಯಿಲೆ ಹೊಗೆ. ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ ಸೈಲೆನ್ಸರಿನಿಂದ ನೀಲಿ ಹೊಗೆ ಭುಸ್ ಅಂತ ಬರೋದು. ಮೊದಲು ತೋರಿಸಿದ ಗ್ಯಾರೇಜಿನ ಹುಡುಗ ಎರಡು ಸಲ ರೇಸ್ ಮಾಡಿ, “ಬೋರು ಹೋಗಿದೆ ಸಾರ್, ಬ್ಲಾಕ್ ಪಿಸ್ಟನ್ ಸೆಟ್ಟೇ ಹಾಕ್ಬೇಕು, ಎಂಜಿನ್ ಕೆಲಸ ಎಲ್ಲಾ ಸೇರಿ ಹನ್ನೆರಡು ಸಾವಿರ ಇಟ್ಕೊಳ್ಳಿ” ಅಂದ. ಬಜೆಟ್ಟಿನ ಎರಡರಷ್ಟು.

ಯಜಮಾನರು ಬಂದು ಹೇಳಿದಾಗ ಮಾವ ಪೇಪರ್ ಮಡಚಿಟ್ಟು ಕೇಳಿದ್ದು ಒಂದೇ ಮಾತು. “ಹೊಗೆ ಯಾವಾಗ ಬರುತ್ತೆ ಅಂತ ಅವನು ಕೇಳಿದ್ನೇನೋ?” ಕೇಳಿರಲಿಲ್ಲ.

ಹಳೇ ನಾಲ್ಕು ಸ್ಟ್ರೋಕ್ ಬೈಕು ಇರುವ ಮನೆಯವರು ಇದನ್ನು ತಿಳಿದಿರಲೇಬೇಕು, ಯಾಕಂದರೆ ದುಡ್ಡು ಉಳಿಯುವುದೋ ಕಳೆಯುವುದೋ ಇಲ್ಲೇ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬರೇಟರಿನ ಕಡೆಯೋ ಏರ್ ಫಿಲ್ಟರಿನ ಕಡೆಯೋ ನೋಡಬೇಕು. ಚಳಿಗಾಲದ ಬೆಳಿಗ್ಗೆ ಕಾಣುವ ತೆಳು ಬಿಳಿ ಹೊಗೆ ಬರೀ ನೀರಿನ ಆವಿ, ಎರಡು ನಿಮಿಷದಲ್ಲಿ ತಾನೇ ಹೋಗುತ್ತೆ.

ನೀಲಿ ಹೊಗೆಗೆ ಎರಡು ದಾರಿ. ಪಿಸ್ಟನ್ನಿನ ರಿಂಗ್ಸ್, ಬೋರು ಸವೆದಿದ್ದರೆ ಕೆಳಗಿನ ಆಯಿಲ್ ಮೇಲೆ ಹತ್ತುತ್ತದೆ. ಇದು ಗಾಡಿ ಲೋಡಿನಲ್ಲಿ ಇರುವಾಗ, ಅಂದರೆ ಇಬ್ಬರನ್ನು ಕೂರಿಸಿಕೊಂಡು ಫ್ಲೈಓವರ್ ಹತ್ತುವಾಗಲೂ ಹೊಗೆ ಬಿಡುತ್ತಲೇ ಇರುತ್ತೆ. ಪಿಕಪ್ ಇರಲ್ಲ, ಕಿಕ್ಕರ್ ಒತ್ತಿದರೆ ಸಡಿಲ ಸಡಿಲ. ಇನ್ನೊಂದು ದಾರಿ ಮೇಲಿನದು. ಹೆಡ್‌ನಲ್ಲಿ ವಾಲ್ವುಗಳ ಕಾಂಡಕ್ಕೆ ಒಂದೊಂದು ಪುಟ್ಟ ರಬ್ಬರ್ ಟೋಪಿ ಇರುತ್ತೆ, ಅದೇ ವಾಲ್ವ್ ಸೀಲ್. ವಯಸ್ಸಾದ ಮೇಲೆ ಆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ರಾತ್ರಿಯಿಡೀ ಗಾಡಿ ನಿಂತಿದ್ದಾಗ ಆಯಿಲ್ ತೊಟ್ಟು ತೊಟ್ಟಾಗಿ ಒಳಗೆ ಇಳಿದಿರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ಸುಟ್ಟು ಭುಸ್ಸೆನ್ನುತ್ತೆ, ಆಮೇಲೆ ಏನೂ ಇಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಬಂದು ತಟ್ಟನೆ ರೇಸ್ ಕೊಟ್ಟಾಗ ಮಾತ್ರ ಒಂದು ಬುಗ್ಗೆ ಹೊಗೆ ಬಂದರೆ ಅದೂ ಇದರದೇ ಲಕ್ಷಣ.

ಬ್ಲಾಕ್ ಪಿಸ್ಟನ್ ಸೆಟ್ಟಿಗೆ ಸಾವಿರಗಳ ಲೆಕ್ಕ. ವಾಲ್ವ್ ಸೀಲಿಗೆ ನೂರರ ಲೆಕ್ಕ. ಎರಡೂ ಹೊಗೆ ನೋಡುವುದಕ್ಕೆ ಒಂದೇ ಬಣ್ಣ.

ನಮ್ಮ ಗಾಡಿಯ ಹೊಗೆ ಬೆಳಿಗ್ಗೆ ಒಂದು ಹೊತ್ತಿನದು. ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಏನೂ ಇರಲಿಲ್ಲ. ಹಾಗಂತ ಖಾತ್ರಿ ಏನಿಲ್ಲ, ಎರಡೂ ಕಾಯಿಲೆ ಒಟ್ಟಿಗೆ ಇರಬಹುದು. ಮಾವನಿಗೆ ಪರಿಚಯದ ಹಳೇ ಮೇಸ್ತ್ರಿ ಒಬ್ಬರು ಕತ್ರಿಗುಪ್ಪೆ ಕಡೆ ಮರದ ಕೆಳಗೆ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಅವರ ಹತ್ತಿರ ಹೋದೆವು. ಅವರು ಗಾಡಿ ಮುಟ್ಟುವ ಮೊದಲೇ, “ರಾತ್ರಿ ಇಲ್ಲೇ ಬಿಟ್ ಹೋಗಿ ಸಾರ್. ತಣ್ಣಗಾದ ಗಾಡೀನ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿ ನೋಡ್ತೀನಿ. ಬಿಸಿ ಗಾಡಿ ನೋಡಿ ಏನು ಹೇಳೋದು?” ಅಂದರು.

ಮರುದಿನ ಭಾನುವಾರ. ಅವರು ಹೇಳಿದ್ದು ಹೀಗೆ: “ಸೀಲ್ ಬದಲಾಯಿಸೋಕೆ ಹೆಡ್ ಬಿಚ್ಲೇಬೇಕು. ಹೆಡ್ ಬಿಚ್ಚಿದ್ರೆ ಬೋರು ಕಣ್ಣಿಗೇ ಕಾಣುತ್ತೆ. ಚೆನ್ನಾಗಿದ್ರೆ ಸೀಲ್ ಹಾಕಿ ಮುಚ್ತೀನಿ. ಗೀರು ಬಿದ್ದಿದ್ರೆ ಫೋನ್ ಮಾಡ್ತೀನಿ, ಆಮೇಲೆ ನೀವೇ ಯೋಚನೆ ಮಾಡಿ.” ನಾವು ಅಲ್ಲೇ ನಿಂತೆವು. ಹೆಡ್ ಹೊರಗೆ ಬಂದಾಗ ಮಸಿ ಅಂಟಿದ ಪಿಸ್ಟನ್ ಕಂಡಿತು. ಮೇಸ್ತ್ರಿ ಕಿಕ್ಕರನ್ನು ಕೈಯಲ್ಲೇ ತಿರುಗಿಸಿ ಪಿಸ್ಟನ್ ಹಿಂದಕ್ಕೆ ಕಳಿಸಿದರು, ಬಟ್ಟೆಯಲ್ಲಿ ಬೋರು ಒರೆಸಿ ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ಉಗುರನ್ನು ಒಳಗೋಡೆಯ ಸುತ್ತ ಅಡ್ಡಡ್ಡ ಎಳೆದರು. ಗೀರು ಇದ್ದರೆ ಉಗುರು ಸಿಕ್ಕಿಕೊಳ್ಳುತ್ತಂತೆ. ಯಜಮಾನರು ಆ ಹೊತ್ತಿನಲ್ಲಿ ಮಾತೇ ಆಡಲಿಲ್ಲ. ನನ್ನ ಮನಸ್ಸಿನಲ್ಲಿ ಫೀಸು ಕಟ್ಟುವ ಕೊನೆಯ ತಾರೀಖು ಓಡುತ್ತಿತ್ತು.

ಉಗುರು ಎಲ್ಲೂ ಸಿಕ್ಕಲಿಲ್ಲ. “ಇನ್ನೂ ಓಡ್ಲಿ ಬಿಡಿ ಸಾರ್” ಅಂದರು.

ವಾಲ್ವ್ ಸೀಲ್ ಎರಡು, ಗ್ಯಾಸ್ಕೆಟ್ಟು, ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೂರಿಸಿದ್ದು, ಮಸಿ ಕೆರೆದಿದ್ದು, ಟ್ಯಾಪೆಟ್ ಸರಿ ಮಾಡಿದ್ದು, ಕೂಲಿ ಎಲ್ಲಾ ಸೇರಿ 1,250 ರೂಪಾಯಿ.

ನಿಲ್ಲಿಸುವ ಸಾಮಾನು ಮೊದಲು

ಹೊಗೆಯ ಕಥೆ ಇಷ್ಟುದ್ದ ಹೇಳಿದೆ. ಆದರೆ ದುಡ್ಡು ಖರ್ಚು ಮಾಡುವ ಸಾಲಿನಲ್ಲಿ ಎಂಜಿನ್‌ಗೆ ಮೊದಲ ಜಾಗ ಇಲ್ಲ. ಹೊಗೆ ಬಿಡುವ ಗಾಡಿಯಿಂದ ಕೈಕಾಲು ಮುರಿಯುವುದಿಲ್ಲ. ಹಿಡಿಯದ ಬ್ರೇಕಿನಿಂದ ಮುರಿಯುತ್ತೆ. ಕಡಿಮೆ ದುಡ್ಡಿನವರು ಮೊದಲು ಕತ್ತರಿಸುವುದು ಟಯರು, ಬ್ರೇಕು. “ಇನ್ನೊಂದು ತಿಂಗಳು ಓಡುತ್ತೆ” ಅನ್ನುವ ಮಾತು ನಮ್ಮಲ್ಲಿ ಟಯರಿನ ಬಗ್ಗೆಯೇ ಹೆಚ್ಚು. ಅದೇ ಹೊತ್ತಿಗೆ ಹೊಸ ಸೀಟ್ ಕವರು, ಟ್ಯಾಂಕಿಗೆ ಸ್ಟಿಕ್ಕರು ಬಂದುಬಿಟ್ಟಿರುತ್ತೆ. ನನಗೆ ಇದು ಸರಿಕಾಣುವುದಿಲ್ಲ.

ನೋಡುವುದು ಕಷ್ಟವೇನಲ್ಲ. ಡ್ರಮ್ ಬ್ರೇಕಿನ ತಟ್ಟೆಯ ಮೇಲೆ, ವೈರು ಅಥವಾ ರಾಡು ಸೇರುವ ಕಡೆ, ಒಂದು ಬಾಣದ ಗುರುತು ಇರುತ್ತೆ. ಬ್ರೇಕ್ ಪೂರ್ತಿ ಒತ್ತಿದಾಗ ಆ ಬಾಣ ತಟ್ಟೆಯ ಮೇಲಿನ ಗುರುತಿಗೆ ತಾಗಿದರೆ ಒಳಗಿನ ಶೂ ಮುಗಿದಿದೆ ಅಂತ. ಎಷ್ಟು ಬಿಗಿ ಮಾಡಿಸಿದರೂ ಪ್ರಯೋಜನವಿಲ್ಲ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತೆ. ‘1219’ ಅಂತ ಇದ್ದರೆ 2019ರ ಹನ್ನೆರಡನೇ ವಾರದಲ್ಲಿ ತಯಾರಾಗಿದ್ದು. ಗೆರೆಗಳು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿದ್ದಿದ್ದರೆ ಮಳೆಯಲ್ಲಿ ಅದು ಜಾರುತ್ತೆ. ಮೊದಲ ಮಳೆಗೆ ನಮ್ಮ ರಸ್ತೆಗಳ ಮೇಲೆ ಧೂಳು, ಆಯಿಲ್ ಕಲೆತು ಸೋಪಿನ ಹಾಗೆ ಆಗುವುದು ಎಲ್ಲರಿಗೂ ಗೊತ್ತಿರುವ ವಿಷಯ.

ನಮ್ಮ ಹಿಂದಿನ ಟಯರು ಬೋಳು. 2.75-18 ಅಳತೆಯ ಹೊಸ ಟಯರು, ಟ್ಯೂಬು ಸೇರಿ 1,650. ಇಡೀ ಪಟ್ಟಿಯಲ್ಲಿ ದೊಡ್ಡ ಖರ್ಚು ಇದೇ, ಯೋಚನೆ ಮಾಡದೆ ಕೊಟ್ಟಿದ್ದೂ ಇದಕ್ಕೇ. ಹಿಂದೆ ಮುಂದೆ ಎರಡೂ ಚಕ್ರದ ಬ್ರೇಕ್ ಶೂ, ಮುಂದಿನ ಬ್ರೇಕ್ ವೈರು 540. ಕ್ಲಚ್ ವೈರಿನ ಒಂದೆರಡು ಎಳೆ ಲಿವರ್ ಹತ್ತಿರ ಬಿಚ್ಚಿಕೊಂಡಿತ್ತು, ಅದಕ್ಕೆ 140. ಕ್ಲಚ್ ವೈರು ಕಿತ್ತುಹೋಗುವುದು ಯಾವಾಗಲೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ, ರಾಗಿಗುಡ್ಡದ ರಜೆಯ ದಿನದ ಖಾಲಿ ರಸ್ತೆಯಲ್ಲಿ ಅಲ್ಲ!

ಚೈನ್ ಸ್ಪ್ರಾಕೆಟ್ ಸೆಟ್ಟು ಬದಲಾಯಿಸಬೇಕೋ ಬೇಡವೋ ಅಂತ ಸ್ವಲ್ಪ ಚರ್ಚೆಯಾಯ್ತು. ಒಂದು ಸುಲಭದ ಪರೀಕ್ಷೆ ಇದೆ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲಿನಿಂದ ಅರ್ಧದಷ್ಟು ಎದ್ದು ಬಂದರೆ ಚೈನು ಮುಗಿದಿದೆ. ಹಲ್ಲುಗಳು ಕೊಕ್ಕೆಯ ಹಾಗೆ ಒಂದು ಕಡೆ ಬಾಗಿದ್ದರೂ ಅಷ್ಟೆ. ನಮ್ಮದು ಕಾಲು ಭಾಗ ಮಾತ್ರ ಎದ್ದಿತು, ಬಿಗಿ ಮಾಡಲು ಹಿಂದೆ ಇನ್ನೂ ಎರಡು ಗೆರೆ ಬಾಕಿ ಇತ್ತು. ಸೀಮೆಎಣ್ಣೆ ಸಿಗದ ಕಾಲ, ಡೀಸೆಲ್ಲಿನಲ್ಲಿ ಉಜ್ಜಿ ತೊಳೆದು, ಗ್ರೇಡ್ 90 ಗೇರ್ ಆಯಿಲ್ ಬಿಟ್ಟು, ನಡುವೆ ಎರಡು ಎರಡೂವರೆ ಸೆಂಟಿಮೀಟರ್ ಆಡುವಷ್ಟು ಸಡಿಲ ಇಟ್ಟು ಬಿಟ್ಟೆವು. ಹೊಸ ಸೆಟ್ಟು ತಳ್ಳಬಹುದಾದ ಖರ್ಚು, ತಳ್ಳಿದೆವು.

ಯಾವುದು ಒರಿಜಿನಲ್, ಯಾವುದು ಲೋಕಲ್

ಬಿಡಿಭಾಗಕ್ಕೆ ಬೆಂಗಳೂರಿನವರು ಹೇಳುವ ಹೆಸರು ಜೆ.ಸಿ. ರಸ್ತೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ನಡೆದರೆ ಸಾಲು ಸಾಲು ಸ್ಪೇರ್ಸ್ ಅಂಗಡಿ, ಪಕ್ಕದಲ್ಲೇ ಕಲಾಸಿಪಾಳ್ಯ. ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಬನಶಂಕರಿಯಿಂದ ಹೋಗುವವರು ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಹೋಗಬಹುದು. ಆದರೆ 140 ರೂಪಾಯಿಯ ವೈರಿಗೆ ಅಷ್ಟು ದೂರ ಹೋಗಿ 20 ರೂಪಾಯಿ ಉಳಿಸುವುದರಲ್ಲಿ ಅರ್ಥವಿಲ್ಲ. ನಾಲ್ಕಾರು ಸಾಮಾನು ಒಟ್ಟಿಗೆ ಬೇಕಿದ್ದಾಗ ಹೋಗುವುದು ಸರಿ. ಹೋಗುವಾಗ ಬಿಚ್ಚಿದ ಹಳೇ ಭಾಗವನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ. ‘ಸ್ಪ್ಲೆಂಡರ್‌ದು ಕೊಡಿ’ ಅಂದರೆ ಯಾವ ವರ್ಷದ್ದು, ಪ್ಲಸ್ಸಾ, ಪ್ರೋನಾ, ಸೂಪರ್ರಾ ಅಂತ ಕೇಳುತ್ತಾರೆ. ಅದರಲ್ಲಿ ಸೂಪರ್ ಸ್ಪ್ಲೆಂಡರಿನ ಎಂಜಿನ್ನೇ ಬೇರೆ.

ಡ್ಯೂಪ್ಲಿಕೇಟ್ ಅಂದ ಕೂಡಲೇ ಹೆದರಬೇಕಿಲ್ಲ. ಕನ್ನಡಿ, ಫುಟ್‌ರೆಸ್ಟ್ ರಬ್ಬರು, ಲಿವರು, ಇಂಡಿಕೇಟರ್ ಗಾಜು ಇವೆಲ್ಲ ಲೋಕಲ್ ಆದರೂ ನಡೆಯುತ್ತೆ. ಸೈಡ್ ಬಾಕ್ಸು, ಟ್ಯಾಂಕು ಗುಜರಿಯದೇ ಸಾಕು. ಬ್ರೇಕ್ ಶೂ, ಬೇರಿಂಗು, ಕ್ಲಚ್ ಪ್ಲೇಟು, ವಾಲ್ವ್ ಸೀಲು ಮಾತ್ರ ಕಂಪನಿಯದೇ ಇರಲಿ, ಅಥವಾ ಹೆಸರಿರುವ ತಯಾರಕರದು. ಲೋಕಲ್ ಬ್ರೇಕ್ ಶೂವಿನ ಲೈನರ್ ಅಂಟು ಬಿಟ್ಟು ಡ್ರಮ್ಮಿನೊಳಗೇ ಸಿಕ್ಕಿಕೊಂಡರೆ ಚಕ್ರ ಜಾಮ್. ಅಲ್ಲಿ ಉಳಿಯುವುದು ನೂರು ರೂಪಾಯಿ. ಕಂಪನಿ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ, ಪಾರ್ಟ್ ನಂಬರು ಇರುತ್ತೆ. ಬಿಲ್ಲು ಕೇಳಿ, ಪ್ಯಾಕೆಟ್ಟು ಮೇಸ್ತ್ರಿಯ ಕೈಗೆ ನೀವೇ ಕೊಡಿ, ಬಿಚ್ಚಿದ ಹಳೆಯದನ್ನು ವಾಪಸ್ ತಗೊಳ್ಳಿ. ಇದಕ್ಕೆ ಒಳ್ಳೇ ಮೇಸ್ತ್ರಿ ಯಾರೂ ಬೇಜಾರಾಗುವುದಿಲ್ಲ.

ಸ್ಪ್ಲೆಂಡರಿನ ಅದೃಷ್ಟ ಏನೆಂದರೆ 1994ರಲ್ಲಿ ಬಂದ ಗಾಡಿಯ 97.2 ಸಿ.ಸಿ. ಎಂಜಿನ್ನಿನ ವಂಶ ಇವತ್ತಿಗೂ ಶೋರೂಮಿನಲ್ಲಿದೆ. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ಎಲ್ಲಾ ಗಾಡಿಗೂ ಈ ಭಾಗ್ಯ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆದರೂ ಯೆಜ್ಡಿಗಳು ನಮ್ಮ ಬೀದಿಯಲ್ಲಿ ಓಡುತ್ತಿವೆ ಅಂದರೆ ಅದಕ್ಕೆ ಕಾರಣ ಲೇತ್ ಅಂಗಡಿಗಳು ಮತ್ತು ಹಟ ಬಿಡದ ಮೇಸ್ತ್ರಿಗಳು. ಅದೇ 1996ರಲ್ಲಿ ನಿಂತುಹೋದ ಯಮಹಾ ಆರ್‌ಎಕ್ಸ್ 100 ಕೂಡ ಹಾಗೇ, ಈಗ ಅದಕ್ಕೆ ಹೊಸ ಬೈಕಿನ ಬೆಲೆ ಹೇಳುತ್ತಾರೆ. ಅವು ಪ್ರೀತಿಯ ಗಾಡಿಗಳು, ಅವುಗಳ ರಿಪೇರಿಗೆ ಬಜೆಟ್ ಅನ್ನುವ ಮಾತು ಹೊಂದುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಈ ಲೇಖನದ ಲೆಕ್ಕ ನಿಮಗಲ್ಲ.

ಕಾರ್ಬರೇಟರ್ ಗೊತ್ತಿರುವವರು

2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳು ಕಾರ್ಬರೇಟರ್ ಬಿಟ್ಟು ಫ್ಯೂಯೆಲ್ ಇಂಜೆಕ್ಷನ್‌ಗೆ ಹೋದವು. ಈಗಿನ ಹುಡುಗರು ಸ್ಕ್ಯಾನರ್ ಚುಚ್ಚಿ ದೋಷ ಓದುತ್ತಾರೆ, ಅದು ಅವರ ಕಾಲದ ವಿದ್ಯೆ. ಆದರೆ ಹಳೇ ಗಾಡಿಗೆ ಕಿವಿ ಬೇಕು. ಐಡಲಿಂಗ್ ಸ್ಕ್ರೂ, ಗಾಳಿಯ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಸದ್ದು ಕೇಳಿ ಸರಿ ಮಾಡುವವರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಬಡಾವಣೆಯಲ್ಲಿ ಅಂಥವರು ಒಬ್ಬರು ಇದ್ದರೆ ಚೌಕಾಸಿ ಮಾಡಿ ಅವರನ್ನು ಕಳೆದುಕೊಳ್ಳಬೇಡಿ.

ಪೆಟ್ರೋಲೂ ಬದಲಾಗಿದೆ. 2025ಕ್ಕೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ 20 ಮುಟ್ಟಿತು. ಈ ಮಿಶ್ರಣಕ್ಕೆ ತಡೆಯುವ ರಬ್ಬರು, ಪ್ಲಾಸ್ಟಿಕ್ಕು ಬಂದಿದ್ದು 2023ರ ಏಪ್ರಿಲ್ ಆಚೆಯ ಗಾಡಿಗಳಿಗೆ. 2006ರ ಗಾಡಿಗೆ ಅದು ಎಲ್ಲಿಂದ ಬರಬೇಕು? ಎಥನಾಲ್ ಗಾಳಿಯ ತೇವ ಹೀರುತ್ತೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು, ಆಮೇಲೆ ತುಕ್ಕು, ಆ ತುಕ್ಕಿನ ಪುಡಿ ಜೆಟ್ಟಿಗೆ ಸಿಕ್ಕಿಕೊಂಡು ಮಿಸ್ಸಿಂಗ್. ಪರಿಹಾರ ದುಬಾರಿಯದ್ದಲ್ಲ. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಕಾರ್ಬರೇಟರಿನ ಕೆಳಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಆಗಾಗ ಕೊಳೆ ಇಳಿಸಿ, ರಾತ್ರಿ ಪೆಟ್ರೋಲ್ ಕಾಕ್ ಬಂದ್ ಮಾಡಿ. ಊರಿಗೆ ಹೋಗಿ ಹದಿನೈದು ದಿನ ಗಾಡಿ ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿಕೊಂಡು ಎಂಜಿನ್ ತಾನೇ ನಿಲ್ಲುವವರೆಗೆ ಓಡಲು ಬಿಡಿ, ಬಟ್ಟಲು ಖಾಲಿಯಾಗುತ್ತೆ. ನಮ್ಮ ಕಾರ್ಬರೇಟರಿಗೆ ತೊಳೆಯುವುದರ ಜೊತೆ ಒಂದು ಕಿಟ್ಟು ಬೇಕಾಯ್ತು, 160.

ಪ್ಲಗ್ಗು, ಏರ್ ಫಿಲ್ಟರು ಸೇರಿ 290. ಪ್ಲಗ್ ಬಿಚ್ಚಿ ಬಣ್ಣ ನೋಡುವುದನ್ನು ಮೇಸ್ತ್ರಿ ನಮ್ಮ ಮಗಳಿಗೆ ಹೇಳಿಕೊಟ್ಟರು. ಕಾಫಿಪುಡಿಯ ಬಣ್ಣ ಇದ್ದರೆ ಸರಿ, ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಹಸಿ ಎಣ್ಣೆ ಜಿಡ್ಡು ಇದ್ದರೆ ಆಯಿಲ್. “ನೀನೇ ನೋಡ್ಕೊಳಮ್ಮ, ಅಪ್ಪನಿಗೆ ಪುರುಸೊತ್ತಿಲ್ಲ” ಅಂದರು. ಪ್ಲಗ್ ಸ್ಪ್ಯಾನರ್ ಈಗ ಅವಳ ಹತ್ತಿರವೇ ಇದೆ.

ಎಂಜಿನ್ ಆಯಿಲ್ 900 ಎಂ.ಎಲ್. ಡಬ್ಬಿಗೆ 390. ಇದರಲ್ಲಿ ಜಿಪುಣತನ ಬೇಡ. ಅಗ್ಗಕ್ಕೆ ಸಿಕ್ಕಿತು ಅಂತ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತೆ, ಯಾಕಂದರೆ ಬೈಕಿನಲ್ಲಿ ಕ್ಲಚ್ಚೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಂತ ಇದೆಯಾ ನೋಡಿ. ಮಳೆಗಾಲದಲ್ಲಿ ಗಾಡಿ ನೀರಿನಲ್ಲಿ ಮುಳುಗಿ ನಿಂತರೆ, ಬಿಟಿಎಂ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೇಲಿಂದ ಮೇಲೆ ಕಿಕ್ ಹೊಡೆಯಲೇಬೇಡಿ. ತಳ್ಳಿಕೊಂಡು ಹೋಗಿ ಆಯಿಲ್ ನೋಡಿಸಿ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ. ಆಯಿಲ್ ಬದಲಾಯಿಸಿದರೆ ನಾಲ್ಕು ನೂರರಲ್ಲಿ ಮುಗಿಯುವ ಕೆಲಸ, ಹಾಗೇ ಓಡಿಸಿದರೆ ಬೇರಿಂಗುಗಳ ಲೆಕ್ಕ ಶುರುವಾಗುತ್ತೆ.

ಎಷ್ಟಾದರೂ ರಿಪೇರಿಗೆ ಒಂದು ಮಿತಿ ಇದೆ. ಚಾಸಿ ತುಕ್ಕು ಹಿಡಿದು ಬೆಸುಗೆಯ ಹತ್ತಿರ ಬಿರುಕು ಬಿಟ್ಟಿದ್ದರೆ ನಾನಾದರೆ ಒಂದು ರೂಪಾಯಿಯೂ ಹಾಕುವುದಿಲ್ಲ. ಕ್ರ್ಯಾಂಕ್ ಸದ್ದು, ಗೇರ್ ಬಾಕ್ಸು, ಬೋರು ಮೂರೂ ಒಟ್ಟಿಗೆ ಬಂದರೂ ಅಷ್ಟೇ. ಗುಜರಿಗೆ ಕೊಡುವುದಾದರೆ ಆರ್‌ಸಿ ರದ್ದು ಮಾಡಿಸಿಯೇ ಕೊಡಿ. ಇಲ್ಲವಾದರೆ ನಿಮ್ಮ ನಂಬರಿನ ಗಾಡಿ ಯಾರ ಕೈಯಲ್ಲಿ ಎಲ್ಲಿ ಓಡುತ್ತೋ, ದಂಡದ ಕಾಗದ ಮಾತ್ರ ನಿಮ್ಮ ಮನೆಗೆ ಬರುತ್ತೆ.

ಆಫೀಸಿನ ದಿನ

ನವೀಕರಣಕ್ಕೆ ಅರ್ಜಿ ನಮೂನೆ 25. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಹಾಕಬಹುದು, ಪರಿವಾಹನ್ ಜಾಲತಾಣದಲ್ಲೇ ಶುಲ್ಕ ಕಟ್ಟಬಹುದು. ಗಾಡಿ ಮಾತ್ರ ಆರ್‌ಟಿಓ ಆಫೀಸಿಗೆ ತಗೊಂಡು ಹೋಗಿ ತೋರಿಸಬೇಕು. ಹೋಗುವ ಮುಂಚೆ ಹಾರ್ನು, ಹೆಡ್‌ಲೈಟು, ನಾಲ್ಕು ಇಂಡಿಕೇಟರು, ಬ್ರೇಕ್ ಲೈಟು ಉರಿಯುತ್ತವಾ ನೋಡಿಕೊಳ್ಳಿ. ನಮ್ಮ ಗಾಡಿಯ ಬ್ರೇಕ್ ಲೈಟು ಉರಿಯುತ್ತಿರಲಿಲ್ಲ. ಸ್ವಿಚ್ಚು, ಬಲ್ಬು ಸೇರಿ 60 ರೂಪಾಯಿಯ ಸಾಮಾನು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಇರಬೇಕು. ಚಾಸಿ ನಂಬರಿನ ಮೇಲಿನ ಕೊಳೆ, ಗ್ರೀಸು ಒರೆಸಿಟ್ಟಿರಬೇಕು, ಅದನ್ನು ಓದಲಾಗದಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತೆ.

ಎಮಿಷನ್ ಟೆಸ್ಟು ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ. 2000ದ ನಂತರದ ನಾಲ್ಕು ಸ್ಟ್ರೋಕ್ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3.5ರ ಒಳಗೆ, ಹೈಡ್ರೋಕಾರ್ಬನ್ 4,500 ಪಿಪಿಎಂ ಒಳಗೆ ಇರಬೇಕು. ಕಾರ್ಬರೇಟರು, ಫಿಲ್ಟರು, ಪ್ಲಗ್ಗು ಸರಿಯಿದ್ದರೆ ಇಪ್ಪತ್ತು ವರ್ಷದ ಗಾಡಿಯೂ ಇದನ್ನು ಪಾಸಾಗುತ್ತೆ. ನಮ್ಮದು ಪಾಸಾಯ್ತು. ಕಂಪ್ಯೂಟರಿನಿಂದ ಚೀಟಿ ಬರುವವರೆಗೆ ಯಜಮಾನರು ಹೆಲ್ಮೆಟ್ ತೆಗೆದಿರಲಿಲ್ಲ ಅಂತ ಮಗಳು ಬಂದು ಹೇಳಿದಳು.

ಉಳಿದ ಸಣ್ಣಪುಟ್ಟ ಕೆಲಸದ ಕೂಲಿ 700 ಸೇರಿಸಿದರೆ ಒಟ್ಟು 5,180. ಉಳಿದಿದ್ದು 820. ಅಷ್ಟರಲ್ಲಿ ಇನ್ಶೂರೆನ್ಸ್ ಮುಗಿಯುವ ತಾರೀಖು ಬಂತು. 75ರಿಂದ 150 ಸಿ.ಸಿ.ವರೆಗಿನ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 714, ಅದರ ಮೇಲೆ ಜಿಎಸ್‌ಟಿ. ಡಬ್ಬಿಯ ಚಿಲ್ಲರೆ ಸೇರಿಸಿ ಕಟ್ಟಿದೆವು. ಕಾಲೇಜಿನ ಫೀಸು ಮುಟ್ಟಲಿಲ್ಲ.

ಚೈನ್ ಸ್ಪ್ರಾಕೆಟ್ ಸೆಟ್ಟು ಸಾವಿರದ ಐವತ್ತು ಅಂತ ಪುಸ್ತಕದಲ್ಲಿ ಆಯುಧಪೂಜೆಯ ತಿಂಗಳಿಗೆ ಬರೆದಿಟ್ಟಿದ್ದೇನೆ, ಬೋನಸ್ಸಿನ ಲೆಕ್ಕದಲ್ಲಿ. ಮುಂದಿನ ಟಯರಿನ ಮೇಲೆ ‘0821’ ಅಂತಿದೆ, ಇನ್ನೂ ಬಿರುಕು ಬಿಟ್ಟಿಲ್ಲ. ಅದು ಮುಂದಿನ ವರ್ಷಕ್ಕೆ.